ಮದ್ದನ್ನು ಮೊಗೆದು ಹೊರಚೆಲ್ಲುವ ಪಂಪು

ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರೋಗಿಯ ಕಫದಿಂದಲೋ ಗಾಯದ ಕೀವಿನಿಂದಲೋ ಬೆಳೆಸಿದ ಬ್ಯಾಕ್ಟೀರಿಯಾವನ್ನು ಅಗರ್ ತಟ್ಟೆಯ ಮೇಲೆ ತೆಳ್ಳಗೆ ಸವರಿ, ಅದರ ಮೇಲೆ ಆರು ಮಿಲಿಮೀಟರ್ ಅಗಲದ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ. ಒಂದೊಂದು ಬಿಲ್ಲೆಯಲ್ಲಿ ಒಂದೊಂದು ಆ್ಯಂಟಿಬಯಾಟಿಕ್ ಇರುತ್ತದೆ. ಮರುದಿನ ಬೆಳಿಗ್ಗೆ ನೋಡಿದರೆ ತಟ್ಟೆಯ ತುಂಬ ಮಂಜು ಕವಿದ ಹಾಗೆ ಬ್ಯಾಕ್ಟೀರಿಯಾ ಬೆಳೆದಿರುತ್ತದೆ; ಮದ್ದು ಕೆಲಸ ಮಾಡಿದ ಕಡೆ ಮಾತ್ರ ಬಿಲ್ಲೆಯ ಸುತ್ತ ತಿಳಿಯಾದ ಒಂದು ಉಂಗುರ. ಆ ಉಂಗುರದ ಅಗಲ ಅಳೆದು ವರದಿ ಬರೆಯುತ್ತಾರೆ. ಐಸಿಯುಗಳಲ್ಲಿ, ಸುಟ್ಟಗಾಯದ ವಾರ್ಡುಗಳಲ್ಲಿ ಕಾಡುವ ಸ್ಯೂಡೊಮೊನಾಸ್ ಏರುಜಿನೋಸಾ ಎಂಬ ಬ್ಯಾಕ್ಟೀರಿಯಾಕ್ಕೆ ಮೆರೊಪೆನೆಮ್ ಬಿಲ್ಲೆಯ ಉಂಗುರ 19 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ವರದಿಯಲ್ಲಿ ‘ಎಸ್’ ಎಂದು ಬರುತ್ತದೆ, ಅಂದರೆ ಮದ್ದಿಗೆ ಬಗ್ಗುತ್ತದೆ. 15 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ‘ಆರ್’, ಬಗ್ಗುವುದಿಲ್ಲ. ಹೋದ ವಾರ 30 ಮಿಲಿಮೀಟರ್ ಇದ್ದ ಉಂಗುರ ಈ ವಾರ 21ಕ್ಕೆ ಕುಗ್ಗಿದ್ದರೂ ವೈದ್ಯರ ಕೈಗೆ ಬರುವ ಕಾಗದದಲ್ಲಿ ಇರುವುದು ಅದೇ ‘ಎಸ್’. ಈ ಲೇಖನದ ವಾದವೆಲ್ಲ ಆ ಒಂಬತ್ತು ಮಿಲಿಮೀಟರುಗಳ ಬಗ್ಗೆ. ಆ್ಯಂಟಿಬಯಾಟಿಕ್ ಪ್ರತಿರೋಧವೆಂದರೆ ಒಂದು ದಿನ ಇಲ್ಲದ್ದು ಮರುದಿನ ಇದ್ದಕ್ಕಿದ್ದಂತೆ ಬಂದುಬಿಡುವುದು ಎಂದು ನಾವು ತಿಳಿದಿದ್ದೇವೆ. ಬಹಳ ಸಲ ಅದು ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಮೊದಲ ಮೆಟ್ಟಿಲನ್ನು ಕಟ್ಟಿಕೊಡುವುದು ಬ್ಯಾಕ್ಟೀರಿಯಾದ ಪೊರೆಯಲ್ಲಿ ಕೂತಿರುವ, ಒಳಬಂದ ಮದ್ದನ್ನು ಹೊರಗೆ ಚೆಲ್ಲುವ ಪುಟ್ಟ ಪಂಪುಗಳು. ವಿಜ್ಞಾನಿಗಳು ಅವನ್ನು ಎಫ್ಲಕ್ಸ್ ಪಂಪುಗಳೆನ್ನುತ್ತಾರೆ. ನಮ್ಮ ಆಸ್ಪತ್ರೆಗಳ ಲೆಕ್ಕಾಚಾರ ಈ ಮೊದಲ ಮೆಟ್ಟಿಲನ್ನು ನೋಡುವುದೇ ಇಲ್ಲ.

ಪಂಪಿನ ಸುಳಿವು ಸಿಕ್ಕಿದ್ದು 1980ರಲ್ಲಿ, ಬಾಸ್ಟನ್‌ನ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ. ಟೆಟ್ರಾಸೈಕ್ಲಿನ್‌ಗೆ ಬಗ್ಗದ ಇ. ಕೋಲಿ ಬ್ಯಾಕ್ಟೀರಿಯಾದ ಒಳಗೆ ಆ ಔಷಧಿ ಯಾಕೆ ಅಷ್ಟು ಕಡಿಮೆ ಇರುತ್ತದೆ ಎಂಬುದು ಆಗಿನ ಪ್ರಶ್ನೆ. ಮದ್ದು ಒಳಗೆ ಹೋಗುತ್ತಲೇ ಇಲ್ಲವೇ, ಹೋಗಿಯೂ ಹೊರಬೀಳುತ್ತಿದೆಯೇ? ಲಾರಾ ಮೆಕ್‌ಮರಿ, ಸ್ಟುವರ್ಟ್ ಲೆವಿ ಮತ್ತು ಸಂಗಡಿಗರು ಒಂದು ಜಾಣತನದ ಪ್ರಯೋಗ ಮಾಡಿದರು. ಬ್ಯಾಕ್ಟೀರಿಯಾದ ಒಳಪೊರೆಯನ್ನು ಬೇರ್ಪಡಿಸಿ, ಅಂಗಿಯ ತೋಳನ್ನು ಮಗುಚಿದ ಹಾಗೆ ಒಳಮೈ ಹೊರಗಾಗುವಂತೆ ಮಗುಚಿ, ಅದರ ಚೂರುಗಳಿಂದ ಪುಟ್ಟ ಗುಳ್ಳೆಗಳನ್ನು ಮಾಡಿದರು. ಜೀವಂತ ಕೋಶದಲ್ಲಿ ಮದ್ದನ್ನು ಹೊರಕ್ಕೆ ತಳ್ಳುವ ಯಂತ್ರವೊಂದು ಪೊರೆಯಲ್ಲಿದ್ದರೆ, ಮಗುಚಿದ ಗುಳ್ಳೆಯಲ್ಲಿ ಅದೇ ಯಂತ್ರ ಮದ್ದನ್ನು ಒಳಕ್ಕೆ ಎಳೆಯಬೇಕು. ಹಾಗೆಯೇ ಆಯಿತು: ಪ್ರತಿರೋಧವುಳ್ಳ ಬ್ಯಾಕ್ಟೀರಿಯಾದ ಗುಳ್ಳೆಗಳು ಟೆಟ್ರಾಸೈಕ್ಲಿನ್ ಅನ್ನು ತಮ್ಮೊಳಗೆ ತುಂಬಿಕೊಂಡವು. ಮದ್ದನ್ನು ಹಾಳುಮಾಡುವುದು, ಮದ್ದಿನ ಗುರಿಯನ್ನೇ ಬದಲಿಸಿಕೊಳ್ಳುವುದು ಎಂಬ ದಾರಿಗಳ ಜೊತೆಗೆ, ಮದ್ದನ್ನು ಮುಟ್ಟದೆ ಸುಮ್ಮನೆ ಆಚೆ ಹಾಕುವ ದಾರಿಯೂ ಬ್ಯಾಕ್ಟೀರಿಯಾಕ್ಕೆ ಗೊತ್ತಿದೆ ಎಂಬುದು ಅಲ್ಲಿಂದ ಖಚಿತವಾಯಿತು.

ಟೆಟ್ರಾಸೈಕ್ಲಿನ್ ಪಂಪು ಹೆಚ್ಚು ಕಡಿಮೆ ಒಂದೇ ಬಗೆಯ ಔಷಧಿಯನ್ನು ಹೊರಹಾಕುವಂಥದ್ದು. ಆಸ್ಪತ್ರೆಯ ಪಾಲಿಗೆ ಹೆಚ್ಚು ಕಷ್ಟ ತಂದದ್ದು ಕಂಡಕಂಡದ್ದನ್ನೆಲ್ಲ ಹೊರಹಾಕುವ ಇನ್ನೊಂದು ಜಾತಿ. 1990ರ ದಶಕದಲ್ಲಿ ಬರ್ಕ್ಲಿಯ ಹಿರೋಶಿ ನಿಕೈಡೊ, ಕೆನಡಾದ ಕೀತ್ ಪೂಲ್ ಮುಂತಾದವರು ಇವನ್ನು ಬಿಡಿಸಿಟ್ಟರು. ಇ. ಕೋಲಿಯಲ್ಲಿರುವ ಅಕ್ರ್‌ಎಬಿ-ಟೋಲ್‌ಸಿ ಪಂಪನ್ನೇ ಹತ್ತಿರದಿಂದ ನೋಡಬಹುದು. ಇ. ಕೋಲಿ, ಸ್ಯೂಡೊಮೊನಾಸ್, ಅಸಿನೆಟೊಬ್ಯಾಕ್ಟರ್ ಇವೆಲ್ಲ ಎರಡು ಪೊರೆಗಳ ಬ್ಯಾಕ್ಟೀರಿಯಾಗಳು. ಒಳಪೊರೆಗೂ ಹೊರಪೊರೆಗೂ ನಡುವೆ ಒಂದು ಕಿರಿದಾದ ಓಣಿಯಿದೆ. ಈ ಪಂಪು ಒಳಪೊರೆಯಲ್ಲಿ ಬೇರೂರಿ, ಓಣಿಯನ್ನು ದಾಟಿ, ಹೊರಪೊರೆಯನ್ನೂ ತೂರಿ ನಿಂತ ಒಂದು ಕೊಳವೆ. ಹೀಗಾಗಿ ಹೊರಹಾಕಿದ ಮದ್ದು ಓಣಿಯಲ್ಲಿ ಬಿದ್ದು ಮತ್ತೆ ಒಳಗೆ ಜಾರುವುದಿಲ್ಲ, ನೇರ ಬೀದಿಗೇ ಬೀಳುತ್ತದೆ. 2002ರಲ್ಲಿ ಒಸಾಕಾದ ಸತೋಷಿ ಮುರಾಕಮಿ, ಅಕಿಹಿಟೊ ಯಮಗುಚಿ ತಂಡ ಇದರ ಬುಡದ ಪ್ರೋಟೀನಿನ ರಚನೆಯನ್ನು ತೆರೆದು ತೋರಿಸಿತು. 2006ರ ಹೊತ್ತಿಗೆ ಅದು ಕೆಲಸ ಮಾಡುವ ರೀತಿಯೂ ತಿಳಿಯಿತು. ಒಂದೇ ರೂಪದ ಮೂರು ತುಂಡುಗಳು ಒಟ್ಟಿಗೆ ಸೇರಿ ನಿಂತಿವೆ. ಒಂದು ಬಾಯಿ ತೆರೆದು ಮದ್ದಿಗಾಗಿ ಕಾಯುತ್ತಿದ್ದರೆ, ಎರಡನೆಯದು ಮದ್ದನ್ನು ಹಿಡಿದಿಟ್ಟುಕೊಂಡಿರುತ್ತದೆ, ಮೂರನೆಯದು ಮೇಲಿನ ಕೊಳವೆಗೆ ಸುರಿಯುತ್ತಿರುತ್ತದೆ. ಮರುಗಳಿಗೆ ಸರದಿ ಬದಲು. ಬಾವಿಗೆ ಮೂರು ಏತ ಕಟ್ಟಿ ಒಂದು ಮುಳುಗುವಾಗ ಒಂದು ಏರುವಂತೆ, ಇನ್ನೊಂದು ಕಾಲುವೆಗೆ ಸುರಿಯುವಂತೆ ನಡೆಸಿದರೆ ಹೇಗಿರುತ್ತದೋ ಹಾಗೆ. ಇದಕ್ಕೆ ಬೇಕಾದ ಬಲ ಬರುವುದು ಹೊರಗಿನಿಂದ ಒಳಕ್ಕೆ ನುಗ್ಗಲು ಕಾದಿರುವ ಪ್ರೋಟಾನುಗಳಿಂದ. ಮದ್ದನ್ನು ಹಿಡಿಯುವ ಗೂಡು ದೊಡ್ಡದು, ಜಿಡ್ಡಿಗೆ ಒಲಿಯುವಂಥದ್ದು. ಒಂದೇ ಕೀಲಿಗೆ ಹೊಂದುವ ಬೀಗದಂತೆ ಬಿಗಿಯಾಗಿಲ್ಲ. ಅದಕ್ಕೇ ಸಿಪ್ರೊಫ್ಲಾಕ್ಸಸಿನ್, ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್, ಪೆನಿಸಿಲಿನ್ ವರ್ಗದ ಹಲವು ಮದ್ದುಗಳು, ಸೋಪಿನ ಅಂಶಗಳು, ಬಣ್ಣಗಳು, ಹೀಗೆ ಒಂದಕ್ಕೊಂದು ಸಂಬಂಧವೇ ಇಲ್ಲದ ವಸ್ತುಗಳೆಲ್ಲ ಈ ಒಂದು ಪಂಪಿಗೆ ಸಲ್ಲುತ್ತವೆ.

ಇಂಥ ಪಂಪು ಆ್ಯಂಟಿಬಯಾಟಿಕ್ ಅಂಗಡಿಗೆ ಬಂದ ಮೇಲೆ ಹುಟ್ಟಿದ್ದಲ್ಲ. ಇ. ಕೋಲಿಯ ಮನೆ ನಮ್ಮ ಕರುಳು. ಅಲ್ಲಿ ಪಿತ್ತರಸದ ಲವಣಗಳು ಅದರ ಪೊರೆಯನ್ನು ಕರಗಿಸಬಲ್ಲವು. ಅವನ್ನು ಆಚೆ ಹಾಕಿ ಬದುಕುವುದು ಈ ಪಂಪಿನ ಮೂಲ ಕಸುಬುಗಳಲ್ಲಿ ಒಂದು ಎಂದು ನಿಕೈಡೊ ಅವರ ಪ್ರಯೋಗಾಲಯವೇ 1997ರಲ್ಲಿ ತೋರಿಸಿತು. ಪಂಪನ್ನು ಸದಾ ಓಡಿಸುವುದು ದುಬಾರಿ, ಬಲ ವ್ಯಯವಾಗುತ್ತದೆ. ಹಾಗಾಗಿ ಪಂಪಿನ ಜೀನ್ ಮೇಲೆ ಕಾವಲು ಪ್ರೋಟೀನುಗಳು ಕೂತು ಅದರ ತಯಾರಿಯನ್ನು ಹಿಡಿತದಲ್ಲಿಡುತ್ತವೆ; ಅಪಾಯ ಬಂದಾಗ ಹಿಡಿತ ಸಡಿಲಿಸುತ್ತವೆ. ಈ ಕಾವಲಿನ ಜೀನ್‌ನಲ್ಲಿ ಒಂದು ಅಕ್ಷರ ಕೆಟ್ಟರೆ ಸಾಕು, ಪಂಪುಗಳು ಬೇಕಿರಲಿ ಬೇಡವಿರಲಿ ತಯಾರಾಗುತ್ತಲೇ ಇರುತ್ತವೆ. ಹೊಸದೇನನ್ನೂ ಪಡೆಯದೆ, ಇದ್ದದ್ದೊಂದನ್ನು ಕೆಡಿಸಿಕೊಂಡೇ ಬ್ಯಾಕ್ಟೀರಿಯಾ ಗಟ್ಟಿಯಾಗುವ ದಾರಿ ಇದು. ಇದ್ದದ್ದು ಕೆಡುವುದು ಹೊಸದನ್ನು ಕಟ್ಟುವುದಕ್ಕಿಂತ ಸುಲಭ. ಆದ್ದರಿಂದಲೇ ಇದು ಬೇಗ ಆಗುತ್ತದೆ, ಪದೇ ಪದೇ ಆಗುತ್ತದೆ.

ಈಗ ವಾದದ ಮೊದಲ ಭಾಗಕ್ಕೆ ಬರುತ್ತೇನೆ. ಪ್ರತಿಯೊಂದು ಆ್ಯಂಟಿಬಯಾಟಿಕ್‌ಗೂ ಒಂದು ಪ್ರತ್ಯೇಕ ಖಾತೆಯಿದೆ, ಸಿಪ್ರೊಫ್ಲಾಕ್ಸಸಿನ್ ಅನ್ನು ದುಂದು ಮಾಡಿದರೆ ಹಾಳಾಗುವುದು ಸಿಪ್ರೊಫ್ಲಾಕ್ಸಸಿನ್ ಮಾತ್ರ, ಮೆರೊಪೆನೆಮ್ ಕಪಾಟಿನಲ್ಲಿ ಭದ್ರವಾಗಿರುತ್ತದೆ ಎಂಬುದು ನಮ್ಮ ಚಿಕಿತ್ಸಾ ಪದ್ಧತಿಯ ಬುಡದಲ್ಲಿರುವ ನಂಬಿಕೆ. ಪಂಪುಗಳು ಈ ನಂಬಿಕೆಯನ್ನು ಸುಳ್ಳು ಮಾಡುತ್ತವೆ. ಸ್ಯೂಡೊಮೊನಾಸ್‌ನ ಮುಖ್ಯ ಪಂಪಿನ ಕಾವಲು ಸಿಪ್ರೊಫ್ಲಾಕ್ಸಸಿನ್‌ನ ಒತ್ತಡದಲ್ಲಿ ಕೆಟ್ಟರೆ, ಅದೇ ಪಂಪು ಮೆರೊಪೆನೆಮ್ ಅನ್ನೂ ಹೊರಹಾಕತೊಡಗುತ್ತದೆ, ರೋಗಿಗೆ ಮೆರೊಪೆನೆಮ್ ಒಂದು ಹನಿಯೂ ಹೋಗಿರದಿದ್ದರೂ. ಇದಕ್ಕಿಂತ ವಿಚಿತ್ರವಾದದ್ದು ಇದೇ ಬ್ಯಾಕ್ಟೀರಿಯಾದ ಇನ್ನೊಂದು ಪಂಪಿನ ಕಥೆ. ಅದು ಮೆರೊಪೆನೆಮ್ ಬಳಗದ್ದೇ ಆದ ಇಮಿಪೆನೆಮ್ ಎಂಬ ಮದ್ದನ್ನು ಹೊರಹಾಕುವುದೇ ಇಲ್ಲ. ಆದರೆ ಆ ಪಂಪನ್ನು ಏರಿಸುವ ನಿಯಂತ್ರಕ ಪ್ರೋಟೀನೇ, ಇಮಿಪೆನೆಮ್ ಒಳಬರುವ ಓಪ್ರ್‌ಡಿ ಎಂಬ ಬಾಗಿಲನ್ನು ಕುಗ್ಗಿಸುತ್ತದೆ. ಅಂದರೆ ಸಿಪ್ರೊಫ್ಲಾಕ್ಸಸಿನ್ ವರ್ಗದ ಮದ್ದು ತಂದಿಟ್ಟ ಒಂದೇ ಬದಲಾವಣೆಯಿಂದ ಒಂದು ಔಷಧಿಗೆ ಪಂಪು ಜೋರಾಗುತ್ತದೆ, ಇನ್ನೊಂದಕ್ಕೆ ಬಾಗಿಲು ಮುಚ್ಚುತ್ತದೆ. ಐಸಿಯುವಿನ ಕೊನೆಯ ಅಸ್ತ್ರಗಳಲ್ಲಿ ಒಂದಾದ ಇಮಿಪೆನೆಮ್‌ನ ಬೆಲೆಯ ಒಂದು ಪಾಲನ್ನು ಮೂತ್ರದ ಉರಿಗೆಂದು ಕೊಟ್ಟ ಗುಳಿಗೆಯೇ ತಿಂದಿರಬಹುದು. ಒಂದು ಔಷಧಿಯ ಬಳಕೆ ಎಷ್ಟು ಔಷಧಿಗಳ ಸಾಮರ್ಥ್ಯವನ್ನು ಕಳೆಯುತ್ತದೆ ಎಂಬುದನ್ನು ಕೂಡಿಸದ ಯಾವ ಆ್ಯಂಟಿಬಯಾಟಿಕ್ ನೀತಿಯೂ ಅರ್ಧ ಲೆಕ್ಕದ್ದೇ.

ಇಲ್ಲಿ ಒಂದು ಬಲವಾದ ಆಕ್ಷೇಪವಿದೆ. ಅದನ್ನು ಬದಿಗೆ ಸರಿಸಿ ಮುಂದೆ ಹೋಗುವಂತಿಲ್ಲ. ಪಂಪು ಜೋರಾದ ಮಾತ್ರಕ್ಕೆ ಬ್ಯಾಕ್ಟೀರಿಯಾದ ಬೆಳವಣಿಗೆ ತಡೆಯಲು ಬೇಕಾಗುವ ಮದ್ದಿನ ಕನಿಷ್ಠ ಪ್ರಮಾಣ, ಪ್ರಯೋಗಾಲಯದವರ ಮಾತಿನಲ್ಲಿ ಎಂಐಸಿ, ಸಾಮಾನ್ಯವಾಗಿ ಏರುವುದು ಎರಡರಿಂದ ಎಂಟು ಪಟ್ಟು. ಆದರೆ ಮೆರೊಪೆನೆಮ್, ಇಮಿಪೆನೆಮ್ ಸೇರಿದ ಬಳಗದ ಮದ್ದುಗಳಾದ ಕಾರ್ಬಪೆನೆಮ್‌ಗಳನ್ನು ಕತ್ತರಿಸಿ ಹಾಕುವ ಎನ್‌ಡಿಎಂ, ಆಕ್ಸಾ-23 ಮುಂತಾದ ಕಿಣ್ವಗಳು ಒಂದೇ ಏಟಿಗೆ ಹತ್ತಾರು, ನೂರಾರು ಪಟ್ಟು ಪ್ರತಿರೋಧ ತರಬಲ್ಲವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜಾಲದ ವರದಿಗಳ ಪ್ರಕಾರ ನಮ್ಮ ಆಸ್ಪತ್ರೆಗಳ ಅಸಿನೆಟೊಬ್ಯಾಕ್ಟರ್ ಮಾದರಿಗಳಲ್ಲಿ ಹತ್ತಕ್ಕೆ ಎಂಟಕ್ಕೂ ಹೆಚ್ಚು ಮೆರೊಪೆನೆಮ್‌ಗೆ ಬಗ್ಗುತ್ತಿಲ್ಲ. ಅದಕ್ಕೆ ಮುಖ್ಯ ಕಾರಣ ಕಿಣ್ವಗಳು, ಪಂಪುಗಳಲ್ಲ. ಹಾಗಿದ್ದ ಮೇಲೆ ಮನೆಗೆ ಬೆಂಕಿ ಬಿದ್ದಿರುವಾಗ ಸೋರುವ ಮಾಡಿನ ಚಿಂತೆ ಯಾಕೆ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದು. ಕಿಣ್ವಗಳ ಬಗೆಗಿನ ಈ ಮಾತು ನಿಜವೆಂದು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಪಂಪಿನ ಸಣ್ಣ ಪ್ರತಿರೋಧವನ್ನು ಅದೊಂದರ ತೂಕದಿಂದಲೇ ಅಳೆಯುವುದು ತಪ್ಪು. ದೊಡ್ಡ ಪ್ರತಿರೋಧ ಕಾಲೂರಲು ಬೇಕಾದ ನೆಲ ಯಾವುದು ಎಂದು ಕೇಳಬೇಕು. ಅದಕ್ಕೆ ಪುರಾವೆಗಳಿವೆ.

ಮೊದಲನೆಯದು 1999ರದು. ಓಲ್ಗಾ ಲೊಮೊವ್ಸ್ಕಾಯಾ ಮತ್ತು ಸಂಗಡಿಗರು ಸ್ಯೂಡೊಮೊನಾಸ್‌ನ ಪಂಪುಗಳ ಜೀನ್‌ಗಳನ್ನು ಒಂದೊಂದಾಗಿ ತೆಗೆದು ನೋಡಿದರು. ಪಂಪುಗಳಿರುವ ಬ್ಯಾಕ್ಟೀರಿಯಾವನ್ನು ಸಿಪ್ರೊಫ್ಲಾಕ್ಸಸಿನ್ ವರ್ಗದ ಲೆವೊಫ್ಲಾಕ್ಸಸಿನ್ ಇರುವ ತಟ್ಟೆಯ ಮೇಲೆ ಬಿಟ್ಟಾಗ ಹತ್ತು ಲಕ್ಷದಿಂದ ಒಂದು ಕೋಟಿ ಕೋಶಗಳಿಗೆ ಒಂದರಂತೆ ಪ್ರತಿರೋಧದ ಕೋಶ ತಲೆಯೆತ್ತುತ್ತಿತ್ತು. ಮೂರು ಪಂಪುಗಳನ್ನು ತೆಗೆದಾಗ ಹತ್ತು ಸಾವಿರ ಕೋಟಿ ಕೋಶಗಳಲ್ಲಿ ಹುಡುಕಿದರೂ ಒಂದೂ ಸಿಗಲಿಲ್ಲ. ಮದ್ದಿನ ಗುರಿಯನ್ನು ಬದಲಿಸುವ ಬದಲಾವಣೆಗಳು ಆಗಲೂ ಆಗುತ್ತಿದ್ದವು. ಪಂಪಿನ ಆಸರೆ ಇಲ್ಲದೆ ಅವು ಆ ಕೋಶವನ್ನು ಬದುಕಿಸುವಷ್ಟು ಸಾಲುತ್ತಿರಲಿಲ್ಲ. ಎರಡನೆಯದು 2000ದ್ದು: ಲೆವಿಯವರ ಗುಂಪು ಇ. ಕೋಲಿಯಲ್ಲಿ ಇದೇ ಮಾತನ್ನು ಇನ್ನೊಂದು ತುದಿಯಿಂದ ಸ್ಥಾಪಿಸಿತು. ಗುರಿಯ ಜೀನ್‌ಗಳು ಆಗಲೇ ಬದಲಾಗಿ ಸಿಪ್ರೊಫ್ಲಾಕ್ಸಸಿನ್‌ಗೆ ಗಟ್ಟಿಯಾಗಿದ್ದ ಬ್ಯಾಕ್ಟೀರಿಯಾದಿಂದ ಅಕ್ರ್‌ಎಬಿ ಪಂಪನ್ನು ಕಿತ್ತುಹಾಕಿದಾಗ ಅವು ಮತ್ತೆ ಮದ್ದಿಗೆ ಬಗ್ಗಿದವು, ಕೆಟ್ಟ ಗುರಿ ಕೆಟ್ಟಂತೆಯೇ ಉಳಿದಿದ್ದರೂ. ಯಾವುದನ್ನು ನಾವು ‘ದೊಡ್ಡ’ ಪ್ರತಿರೋಧ ಎಂದುಕೊಂಡಿದ್ದೆವೋ ಅದು ನಿಂತಿದ್ದು ‘ಸಣ್ಣ’ದರ ಹೆಗಲ ಮೇಲೆ.

ಮೂರನೆಯ ಪುರಾವೆ ನನಗೆ ಎಲ್ಲಕ್ಕಿಂತ ಗಂಭೀರವಾಗಿ ಕಾಣುತ್ತದೆ. ಬ್ಯಾಕ್ಟೀರಿಯಾಗಳು ಪ್ಲಾಸ್ಮಿಡ್ ಎಂಬ ಬಳೆಯಾಕಾರದ ಡಿಎನ್ಎ ತುಣುಕುಗಳ ಮೂಲಕ ಪ್ರತಿರೋಧದ ಜೀನ್‌ಗಳನ್ನು ಪಕ್ಕದ ಕೋಶಕ್ಕೆ ದಾಟಿಸುತ್ತವೆ. ಟೆಟ್ರಾಸೈಕ್ಲಿನ್ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸುವ ಮದ್ದು. ಹಾಗಾದರೆ ಆ ಮದ್ದಿನಲ್ಲಿ ಮುಳುಗಿರುವ ಕೋಶವೊಂದಕ್ಕೆ ಟೆಟ್ರಾಸೈಕ್ಲಿನ್ ಪ್ರತಿರೋಧದ ಜೀನ್ ಸಿಕ್ಕರೂ ಏನು ಪ್ರಯೋಜನ? ಆ ಜೀನ್‌ನಿಂದ ಪ್ರೋಟೀನ್ ತಯಾರಾಗಬೇಕಲ್ಲ, ಅದನ್ನು ಮದ್ದು ತಡೆಯಬೇಕಲ್ಲ? 2019ರಲ್ಲಿ ಫ್ರಾನ್ಸಿನ ಲಿಯಾನ್‌ನ ಕ್ರಿಸ್ಟಿಯಾನ್ ಲೆಸ್ಟರ್ಲಿನ್ ತಂಡ ಈ ಘಟನೆಯನ್ನು ಜೀವಂತ ಕೋಶಗಳಲ್ಲಿ ಸೂಕ್ಷ್ಮದರ್ಶಕದಡಿ ನೋಡಿತು. ಹೊಸ ಜೀನ್ ಬಂದ ಕೋಶದಲ್ಲಿ ಅಕ್ರ್‌ಎಬಿ-ಟೋಲ್‌ಸಿ ಪಂಪು ಮದ್ದನ್ನು ಒಂದೇ ಸಮನೆ ಹೊರಗೆ ಮೊಗೆಯುತ್ತ, ಒಳಗಿನ ಮಟ್ಟವನ್ನು ಸಾವಿನ ಅಂಚಿನ ಕೆಳಗೆ ಹಿಡಿದಿಡುತ್ತದೆ. ಆ ಬಿಡುವಿನಲ್ಲೇ ಕೋಶ ಹೊಸ ಜೀನ್ ಓದಿ ತನ್ನ ಶಾಶ್ವತ ರಕ್ಷಣೆಯನ್ನು ಕಟ್ಟಿಕೊಳ್ಳುತ್ತದೆ. ಪಂಪು ಇಲ್ಲದ ಕೋಶಕ್ಕೆ ಅದೇ ಜೀನ್ ಸಿಕ್ಕಿಯೂ ಅದು ಉಪಯೋಗಕ್ಕೆ ಬರಲಿಲ್ಲ. ಬಿರುಕು ಬಿಟ್ಟ ದೋಣಿಯಲ್ಲಿ ಒಬ್ಬ ನೀರು ಮೊಗೆಯುತ್ತಿದ್ದರೆ ತಾನೇ ಇನ್ನೊಬ್ಬನಿಗೆ ಬಿರುಕು ಮುಚ್ಚಲು ಸಮಯ ಸಿಗುವುದು? ಇದಕ್ಕೆ ಒಂದು ವರ್ಷ ಮೊದಲು, 2018ರಲ್ಲಿ, ಬಾಸ್ಟನ್ ವಿಶ್ವವಿದ್ಯಾಲಯದ ಇಮಾನ್ ಎಲ್ ಮೆವೂಶ್ ಮತ್ತು ಮೇರಿ ಡನ್‌ಲಪ್ ಇನ್ನೊಂದು ಸಂಗತಿಯನ್ನು ಕಂಡಿದ್ದರು: ಒಂದೇ ತಾಯಿಯ ಮಕ್ಕಳಾದ ಕೋಶಗಳಲ್ಲೂ ಕೆಲವಕ್ಕೆ ಪಂಪು ಹೆಚ್ಚು, ಕೆಲವಕ್ಕೆ ಕಡಿಮೆ, ಹೆಚ್ಚಿರುವ ಕೋಶಗಳಲ್ಲಿ ಡಿಎನ್ಎ ದೋಷ ತಿದ್ದುವ ಏರ್ಪಾಡು ಸಡಿಲವಾಗಿ ಹೊಸ ಬದಲಾವಣೆಗಳೂ ಹೆಚ್ಚು. ಬದುಕಿ ಉಳಿಯುವ ಗುಂಪೇ ಬೇಗ ಬದಲಾಗುವ ಗುಂಪೂ ಹೌದು. ಇವೆಲ್ಲ ಪ್ರಯೋಗಾಲಯದ ಅಧ್ಯಯನಗಳು. ವಾರ್ಡಿನ ಹಾಸಿಗೆಯಲ್ಲಿ ಹೀಗೆಯೇ ಇಷ್ಟೇ ಪ್ರಮಾಣದಲ್ಲಿ ನಡೆಯುತ್ತದೆ ಎಂದು ಇವುಗಳಿಂದ ಹೇಳಲಾಗದು. ಆದರೆ ನಾಲ್ಕು ಬೇರೆ ಬೇರೆ ದಾರಿಗಳಿಂದ ಹೊರಟವರು ಒಂದೇ ಊರಿಗೆ ಬಂದು ಸೇರಿದ್ದಾರೆ. ಪಂಪು ಕೊಡುವುದು ಕಾಲಾವಕಾಶ, ಉಳಿದದ್ದನ್ನು ಬ್ಯಾಕ್ಟೀರಿಯಾ ಮಾಡಿಕೊಳ್ಳುತ್ತದೆ.

ಪಂಪು ತಾನೊಂದೇ ಚಿಕಿತ್ಸೆಯನ್ನು ಕೆಡಿಸಿದ ಉದಾಹರಣೆಗಳೂ ಇಲ್ಲದಿಲ್ಲ. ಹಳೆಯ ಟೆಟ್ರಾಸೈಕ್ಲಿನ್ ಪಂಪಿಗೆ ಸಿಗದಂತೆ ಅಣುವಿಗೆ ಒಂದು ಬಾಲ ಜೋಡಿಸಿ ರೂಪಿಸಿದ ಟೈಗೆಸೈಕ್ಲಿನ್ 2005ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಹಳೆಯ ಪಂಪಿಗೆ ಅದು ಸಿಗಲಿಲ್ಲ, ನಿಜ. ಆದರೆ ಅಸಿನೆಟೊಬ್ಯಾಕ್ಟರ್‌ನ ಅಡೆಎಬಿಸಿ ಎಂಬ ಬಹುಔಷಧಿ ಪಂಪು ಅದನ್ನು ಹೊರಹಾಕಿತು. ಕ್ಷಯದ ಹೊಸ ಮದ್ದಾದ ಬೆಡಾಕ್ವಿಲಿನ್‌ದೂ ಇದೇ ಪಾಡು: ಒಂದು ಕಾವಲು ಜೀನ್ ಕೆಟ್ಟರೆ ಪಂಪು ಜೋರಾಗಿ, ಬೆಡಾಕ್ವಿಲಿನ್ ಜೊತೆಗೆ ಕುಷ್ಠರೋಗದ ಹಳೆಯ ಮದ್ದು ಕ್ಲೋಫಾಜಿಮಿನ್ ಕೂಡ ಸೊರಗುತ್ತದೆ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಪಾಲು ಇರುವ ನಮ್ಮ ದೇಶಕ್ಕೆ ಇದು ದೂರದ ಸುದ್ದಿಯಲ್ಲ.

ಇನ್ನೊಂದು ಆಕ್ಷೇಪ, ಪಂಪುಗಳು ಪ್ರಕೃತಿ ಕೊಟ್ಟವು, ಕೋಟ್ಯಂತರ ವರ್ಷಗಳಿಂದ ಇರುವವು, ಅವಕ್ಕೆ ನಾವು ಹೊಣೆಯಲ್ಲ ಎಂಬುದು. ಪಂಪು ಹಳೆಯದು, ಸರಿ. ಅದು ಊರು ಬಿಟ್ಟು ಊರಿಗೆ ಸಂಚರಿಸತೊಡಗಿದ್ದು ಹೊಸದು. ಹಂದಿಗಳು ಬೇಗ ಕೊಬ್ಬಲೆಂದು ಮೇವಿಗೆ ಬೆರೆಸುತ್ತಿದ್ದ ಒಲಾಕ್ವಿಂಡಾಕ್ಸ್ ಎಂಬ ವಸ್ತುವನ್ನು ಹೊರಹಾಕುವ ಪಂಪೊಂದು ಡೆನ್ಮಾರ್ಕಿನ ಹಂದಿಗೊಬ್ಬರದಿಂದ ಬಂದ ಇ. ಕೋಲಿಯ ಪ್ಲಾಸ್ಮಿಡ್ ಮೇಲೆ ಸಿಕ್ಕಿತು. ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾದ ಮೂಲ ಡಿಎನ್ಎಯಲ್ಲಿ ಸಾಮಾನ್ಯವಾಗಿರುವ ಆ ಪಂಪು ಸಿಪ್ರೊಫ್ಲಾಕ್ಸಸಿನ್ ಅನ್ನೂ ಹೊರಹಾಕುತ್ತದೆ. 2020ರಲ್ಲಿ ಚೀನಾದ ಸಂಶೋಧಕರು ಟೈಗೆಸೈಕ್ಲಿನ್ ಅನ್ನು ಹೊರಹಾಕುವ ಒಂದು ಇಡೀ ಬಹುಔಷಧಿ ಪಂಪನ್ನೇ ಕ್ಲೆಬ್ಸಿಯೆಲ್ಲಾದ ಪ್ಲಾಸ್ಮಿಡ್ ಮೇಲೆ ಕಂಡರು. ಕಾಡಿನ ಪ್ರಾಣಿ ಪೇಟೆಗೆ ಬಂದಿದ್ದರೆ ಮೇವು ಹಾಕಿ ಕರೆದವರು ಯಾರೆಂದು ಕೇಳಲೇಬೇಕು.

ಹಾಗಾದರೆ ಪಂಪಿನ ಬಾಯಿಗೇ ಬಟ್ಟೆ ತುರುಕಿದರಾಗದೇ? ಪಂಪನ್ನು ನಿಲ್ಲಿಸುವ ಒಂದು ವಸ್ತುವನ್ನು ಆ್ಯಂಟಿಬಯಾಟಿಕ್ ಜೊತೆಗೆ ಕೊಟ್ಟರೆ ಹಳೆಯ ಮದ್ದುಗಳಿಗೆಲ್ಲ ಮರುಜೀವ ಬರುತ್ತದಲ್ಲ? ಇದು ಆಕ್ಷೇಪವೆನ್ನುವುದಕ್ಕಿಂತ ಆಸೆ, ಅದೂ ನ್ಯಾಯವಾದ ಆಸೆ. ಇದರ ಸುಳಿವುಗಳು ನಮ್ಮ ಕಾಡುಗಳಲ್ಲಿ ಬೆಳೆಯುವ ಗಿಡಗಳಲ್ಲೂ ಇವೆ. ಸರ್ಪಗಂಧಿಯ ಬೇರಿನಿಂದ ಬರುವ ರೆಸರ್ಪಿನ್, ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾದ ನಾರ್‌ಎ ಪಂಪನ್ನು ತಟ್ಟೆಯಲ್ಲಿ ತಡೆಯುತ್ತದೆ. ಇನ್ನೂ ಚೆಂದದ ನಿದರ್ಶನ ಬರ್ಬೆರಿನ್‌ದು. ಪಶ್ಚಿಮ ಘಟ್ಟದ ಮರದರಿಶಿನದ ಹಳದಿಗೆ ಕಾರಣವಾದ ಈ ವಸ್ತು ಬ್ಯಾಕ್ಟೀರಿಯಾವನ್ನು ಕೊಲ್ಲಬಲ್ಲದು, ಆದರೆ ನಾರ್‌ಎ ಪಂಪು ಅದನ್ನು ಹೊರಚೆಲ್ಲಿಬಿಡುತ್ತದೆ. 2000ದಲ್ಲಿ ಫ್ರಾಂಕ್ ಸ್ಟರ್ಮಿಟ್ಜ್, ಕಿಮ್ ಲೂಯಿಸ್ ಮತ್ತು ಸಂಗಡಿಗರು ಬರ್ಬೆರಿನ್ ತಯಾರಿಸುವ ಅಮೆರಿಕದ ಬರ್ಬೆರಿಸ್ ಗಿಡಗಳನ್ನು ಪರೀಕ್ಷಿಸಿದಾಗ ಅದೇ ಗಿಡ ಇನ್ನೊಂದು ವಸ್ತುವನ್ನೂ ತಯಾರಿಸುವುದು ಕಂಡಿತು. ಅದು ಒಂಟಿಯಾಗಿ ಬ್ಯಾಕ್ಟೀರಿಯಾವನ್ನು ಏನೂ ಮಾಡುವುದಿಲ್ಲ. ನಾರ್‌ಎ ಪಂಪನ್ನು ತಡೆದು ಬರ್ಬೆರಿನ್‌ಗೆ ದಾರಿ ಬಿಡಿಸುತ್ತದೆ. ಕೊಲ್ಲುವ ಮದ್ದನ್ನೂ ಪಂಪು ಕಟ್ಟುವ ಮದ್ದನ್ನೂ ಒಟ್ಟಿಗೆ ಹೊಸೆದಿಟ್ಟ ಗಿಡದ ಮುಂದೆ ನಮ್ಮ ಔಷಧಿ ವಿಜ್ಞಾನ ಕಲಿಯುವುದು ಬಹಳ ಇದೆ. ಆದರೆ ತಟ್ಟೆಯಿಂದ ರೋಗಿಯ ಮೈಗೆ ಬರುವ ದಾರಿ ದೀರ್ಘ. ಪಂಪು ನಿಲ್ಲಿಸಲು ಬೇಕಾಗುವ ರೆಸರ್ಪಿನ್ ಪ್ರಮಾಣ ಮನುಷ್ಯನ ನರಮಂಡಲಕ್ಕೆ ವಿಷ. 2001ರಲ್ಲಿ ಬೆಳಕಿಗೆ ಬಂದ, ಸ್ಯೂಡೊಮೊನಾಸ್‌ನ ಪಂಪು ತಡೆಯುವ ಅಣುಗಳ ಬಳಗವೂ ದೇಹಕ್ಕಾಗುವ ಹಾನಿಯ ಕಾರಣಕ್ಕೇ ಮುಗ್ಗರಿಸಿತು. ನಮ್ಮ ಕರುಳು, ಯಕೃತ್ತು, ಮೂತ್ರಪಿಂಡಗಳ ಕೋಶಗಳಲ್ಲೂ ವಿಷ ಹೊರಹಾಕುವ ಪಂಪುಗಳಿವೆ. ಅವನ್ನು ಬಿಟ್ಟು ಬ್ಯಾಕ್ಟೀರಿಯಾದ್ದನ್ನು ಮಾತ್ರ ಹಿಡಿಯುವುದು ಸುಲಭವಲ್ಲ. ಅದೂ ಅಲ್ಲದೆ ಒಂದು ಪಂಪು ಕಟ್ಟಿದರೆ ಕೆಲಸ ಮಾಡಲು ಸ್ಯೂಡೊಮೊನಾಸ್‌ನಲ್ಲಿ ಹತ್ತಾರು ಪಂಪುಗಳಿವೆ. ಲೆವಿಯವರ ಗುಳ್ಳೆಗಳ ಪ್ರಯೋಗವಾಗಿ ನಲವತ್ತು ವರ್ಷ ಮೀರಿದೆ, ಬ್ಯಾಕ್ಟೀರಿಯಾದ ಪಂಪು ತಡೆಯುವ ಒಂದು ಮದ್ದೂ ವಾರ್ಡಿಗೆ ಬಂದಿಲ್ಲ. ಸಂಶೋಧನೆ ನಡೆಯಲೇಬೇಕು, ಅದಕ್ಕೆ ಹಣವೂ ಬೇಕು. ಆದರೆ ಆ ಮದ್ದು ಬರುವ ತನಕ ಪಂಪುಗಳಿಗೆ ಅವಕಾಶ ಕೊಡದಿರುವ ಕೆಲಸ ನಮ್ಮ ಕೈಯಲ್ಲೇ ಇದೆ.

ಪಂಪಿಗೆ ಅವಕಾಶ ಸಿಗುವುದು ಮದ್ದು ಇಲ್ಲದ ಕಡೆಯಲ್ಲೂ ಅಲ್ಲ, ತುಂಬ ಇರುವ ಕಡೆಯಲ್ಲೂ ಅಲ್ಲ, ಸಾಲದಷ್ಟು ಇರುವ ಕಡೆ. ನಾಲ್ಕು ಪಟ್ಟು ರಕ್ಷಣೆ ಕೊಡುವ ಪಂಪು ನಲವತ್ತು ಪಟ್ಟು ಮದ್ದಿನೆದುರು ನಿಲ್ಲುವುದಿಲ್ಲ. ಎರಡು ಪಟ್ಟಿನೆದುರು ನಿಲ್ಲುತ್ತದೆ, ಗೆಲ್ಲುತ್ತದೆ. 2011ರಲ್ಲಿ ಸ್ವೀಡನ್ನಿನ ಉಪ್ಸಾಲದ ಡಾನ್ ಆಂಡರ್ಸನ್ ತಂಡ, ಟೆಟ್ರಾಸೈಕ್ಲಿನ್ ಪಂಪಿನ ಜೀನ್ ಹೊತ್ತ ಬ್ಯಾಕ್ಟೀರಿಯಾ, ಬೆಳವಣಿಗೆ ತಡೆಯುವ ಪ್ರಮಾಣದ ನೂರನೇ ಒಂದು ಪಾಲು ಮದ್ದಿದ್ದರೂ ಪಂಪಿಲ್ಲದ ಸೋದರರನ್ನು ಹಿಂದಿಕ್ಕುತ್ತದೆ ಎಂದು ತೋರಿಸಿತು. ಇಂಥ ಅರೆಬರೆ ಮಟ್ಟಗಳು ಆಸ್ಪತ್ರೆಯೊಳಗೆ ಎಲ್ಲೆಲ್ಲಿ ಹುಟ್ಟುತ್ತವೆ ಎಂದು ನೋಡಿದರೆ ಅಚ್ಚರಿಯಾಗುತ್ತದೆ. 68 ಆಸ್ಪತ್ರೆಗಳ ಐಸಿಯುಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸೋಂಕಿಗೆಂದು ಪೆನಿಸಿಲಿನ್-ಮೆರೊಪೆನೆಮ್ ಬಳಗದ ಮದ್ದು ಪಡೆಯುತ್ತಿದ್ದವರಲ್ಲಿ ಶೇಕಡ 16 ಜನರ ರಕ್ತದಲ್ಲಿ ಮದ್ದು ಕನಿಷ್ಠ ಗುರಿಯನ್ನೂ ಮುಟ್ಟಿರಲಿಲ್ಲ. ಯಾರೂ ಮದ್ದು ಕದ್ದಿರಲಿಲ್ಲ. ತೀವ್ರ ಕಾಯಿಲೆಯ ದೇಹ ಮದ್ದನ್ನು ಬೇರೆ ರೀತಿ ಹಂಚಿಕೊಳ್ಳುತ್ತದೆ, ಬೇರೆ ವೇಗದಲ್ಲಿ ಹೊರಹಾಕುತ್ತದೆ. ಹಾಗೆಂದು ಎಲ್ಲರಿಗೂ ಪ್ರಮಾಣ ಏರಿಸಿಬಿಡಿ ಎನ್ನುವುದು ನನ್ನ ಮಾತಲ್ಲ. ಮೂತ್ರಪಿಂಡ ಸೋತ ರೋಗಿಗೆ ಅದೇ ಕುತ್ತು. ರಕ್ತದಲ್ಲಿನ ಮಟ್ಟ ಅಳೆದು ಕೊಡುವ, ಅದು ಸಾಧ್ಯವಿಲ್ಲದ ಕಡೆ ಒಂದೇ ಸಲ ಚುಚ್ಚುವ ಬದಲು ಕೆಲವು ಗಂಟೆಗಳ ಕಾಲ ನಿಧಾನವಾಗಿ ಡ್ರಿಪ್‌ನಲ್ಲಿ ಹರಿಸುವ ದಾರಿಗಳಿವೆ. ಸೋಂಕೇ ಇಲ್ಲದವರಿಗೆ ‘ಇರಲಿ’ ಎಂದು ಕೊಡುವ ಮದ್ದನ್ನು ನಿಲ್ಲಿಸುವುದಂತೂ ಎಲ್ಲಕ್ಕಿಂತ ಸುಲಭ.

ನೆಲ ಒರೆಸುವ, ಕೈ ತೊಳೆಯುವ, ಚರ್ಮ ಶುದ್ಧ ಮಾಡುವ ದ್ರವಗಳೂ ಈ ಲೆಕ್ಕದೊಳಗೆ ಬರುತ್ತವೆ. ಸ್ಟ್ಯಾಫಿಲೊಕಾಕಸ್‌ನ ಕ್ಯಾಕ್‌ಎ ಪಂಪು ಚರ್ಮ ಶುದ್ಧಿಯ ದ್ರವಗಳಲ್ಲಿರುವ ಕ್ಲೋರ್‌ಹೆಕ್ಸಿಡಿನ್ ಅನ್ನು ಹೊರಹಾಕುತ್ತದೆ. ಅಸಿನೆಟೊಬ್ಯಾಕ್ಟರ್‌ನಲ್ಲೂ ಕ್ಲೋರ್‌ಹೆಕ್ಸಿಡಿನ್‌ಗೆಂದೇ ಮೀಸಲಾದಂಥ ಪಂಪೊಂದು 2013ರಲ್ಲಿ ಪತ್ತೆಯಾಯಿತು. 2001ರಲ್ಲಿ ಅಮೆರಿಕದ ಕೊಲರಾಡೊದಲ್ಲಿ, ಸೋಪುಗಳಿಗೆ ಹಾಕುತ್ತಿದ್ದ ಟ್ರೈಕ್ಲೋಸಾನ್‌ಗೆ ಒಡ್ಡಿದ ಸ್ಯೂಡೊಮೊನಾಸ್‌ನಲ್ಲಿ ಪಂಪಿನ ಕಾವಲು ಕೆಟ್ಟು ಸಿಪ್ರೊಫ್ಲಾಕ್ಸಸಿನ್‌ಗೂ ಪ್ರತಿರೋಧ ಬಂದದ್ದು ಕಂಡಿತು. 2016ರಲ್ಲಿ ಅಮೆರಿಕದ ಆಹಾರ ಮತ್ತು ಔಷಧಿ ಆಡಳಿತ ಮನೆಬಳಕೆಯ ಕೈತೊಳೆಯುವ ಸೋಪುಗಳಿಂದ ಟ್ರೈಕ್ಲೋಸಾನ್ ಅನ್ನು ಹೊರಗಿಟ್ಟಿತು; ಮಾಮೂಲಿ ಸೋಪು ನೀರಿಗಿಂತ ಅದು ಮೇಲೆಂಬುದಕ್ಕೆ ಆಧಾರವಿಲ್ಲ ಎಂಬುದೂ ಒಂದು ಕಾರಣ. ಇದನ್ನು ಕೇಳಿ ಕ್ಲೋರ್‌ಹೆಕ್ಸಿಡಿನ್ ಬಿಡಿ ಎಂದು ಯಾರಾದರೂ ಅರ್ಥ ಮಾಡಿಕೊಂಡರೆ ಅನಾಹುತ. ಚರ್ಮಕ್ಕೆ ಬಳಸುವ ಶೇಕಡ 2ರ ದ್ರವದಲ್ಲಿ ಲೀಟರಿಗೆ 20,000 ಮಿಲಿಗ್ರಾಂ ಇರುತ್ತದೆ. ಪಂಪು ಜೋರಾದ ಬ್ಯಾಕ್ಟೀರಿಯಾ ತಾಳುವುದು ಅದರ ಸಣ್ಣ ಅಂಶವನ್ನು ಮಾತ್ರ. ತೊಂದರೆ ಇರುವುದು ಉಳಿತಾಯಕ್ಕೆಂದು ನೀರು ಬೆರೆಸಿದ ಬಾಟಲಿಯಲ್ಲಿ, ತೊಳೆಯದೆ ಮತ್ತೆ ಮತ್ತೆ ತುಂಬಿಸುವ ಡಬ್ಬಿಯಲ್ಲಿ, ಸಿಂಕಿನ ಕೊಳವೆಯಲ್ಲಿ ಉಳಿದ ತೆಳು ನೀರಿನಲ್ಲಿ. ಅಲ್ಲೇ ಸ್ಯೂಡೊಮೊನಾಸ್ ವಾಸವಾಗಿರುತ್ತದೆ.

2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಜನರ ಸಾವಿಗೆ ಆ್ಯಂಟಿಬಯಾಟಿಕ್ ಪ್ರತಿರೋಧವೇ ನೇರ ಕಾರಣ ಎಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 2022ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಇದನ್ನು ಎದುರಿಸಲು ನಾವು ನಂಬಿರುವ ಮುಖ್ಯ ಕಣ್ಣು ಪ್ರಯೋಗಾಲಯ. ಅದಕ್ಕೆ ಈಗ ಬರುತ್ತಿರುವ ಜೀನ್ ಪತ್ತೆಯ ದುಬಾರಿ ಕಿಟ್‌ಗಳು ಎನ್‌ಡಿಎಂನಂಥ ಕಿಣ್ವಗಳ ಜೀನ್ ಇದೆಯೇ ಇಲ್ಲವೇ ಎಂದು ಹೇಳುತ್ತವೆ. ಪಂಪಿನ ಜೀನ್ ಎಲ್ಲ ಸ್ಯೂಡೊಮೊನಾಸ್‌ನಲ್ಲೂ ಇರುವುದರಿಂದ ಇದೆ ಎಂದು ಹೇಳಿ ಪ್ರಯೋಜನವಿಲ್ಲ. ಅದು ಎಷ್ಟು ಓಡುತ್ತಿದೆ ಎಂಬುದು ಬೇಕು, ಅದನ್ನು ಆ ಕಿಟ್ ಹೇಳುವುದಿಲ್ಲ. ಅದನ್ನು ಹೆಚ್ಚು ಕಡಿಮೆ ಹೇಳಬಲ್ಲದ್ದು ಉಂಗುರದ ಅಗಲ ಮತ್ತು ಎಂಐಸಿಯ ಅಂಕಿ, ಅದೂ ಒಂದೇ ರೋಗಿಯಲ್ಲಿ, ಒಂದೇ ವಾರ್ಡಿನಲ್ಲಿ ವಾರದಿಂದ ವಾರಕ್ಕೆ ಹೋಲಿಸಿದಾಗ. ಉಂಗುರದಲ್ಲಿ ಒಂದೆರಡು ಮಿಲಿಮೀಟರ್ ಏರಿಳಿತ ಕೈತಪ್ಪಿನಿಂದಲೂ ಬರುತ್ತದೆ, ಅದಕ್ಕೆಲ್ಲ ಬೆದರಬೇಕಾಗಿಲ್ಲ. ಆದರೆ ಸಿಪ್ರೊಫ್ಲಾಕ್ಸಸಿನ್, ಮೆರೊಪೆನೆಮ್, ಸೆಫ್ಟಾಜಿಡಿಮ್ ಮೂರರ ಉಂಗುರಗಳೂ ಒಟ್ಟಿಗೆ ಕುಗ್ಗುತ್ತಿದ್ದರೆ, ಮೂರಕ್ಕೂ ‘ಎಸ್’ ಎಂದೇ ಬರುತ್ತಿದ್ದರೂ, ಪಂಪು ಜೋರಾಗಿರಬಹುದೆಂದು ಅನುಮಾನಿಸಿ ಮದ್ದಿನ ಪ್ರಮಾಣವನ್ನೂ ಆಯ್ಕೆಯನ್ನೂ ಮರುಪರಿಶೀಲಿಸಲು ಅಷ್ಟು ಸಾಕು. ಇದಕ್ಕೆ ಹೊಸ ಯಂತ್ರ ಬೇಕಿಲ್ಲ. ತಂತ್ರಜ್ಞೆ ಬೆಳಿಗ್ಗೆ ಸ್ಕೇಲ್ ಹಿಡಿದು ಅಳೆದಾಗ ಮೊದಲು ಬರೆಯುವುದೇ ಮಿಲಿಮೀಟರ್. ಪ್ರಯೋಗಾಲಯದ ರಿಜಿಸ್ಟರಿನಲ್ಲಿ ಆ ಅಂಕಿ ಇರುತ್ತದೆ, ಅಕ್ಷರವಾಗುವುದು ಆಮೇಲೆ. ಅಕ್ಷರದ ಪಕ್ಕದಲ್ಲಿ ಈ ವಾರದ ಅಂಕಿಯನ್ನೂ ಹೋದ ವಾರದ ಅಂಕಿಯನ್ನೂ ಬರೆದು ವಾರ್ಡಿಗೆ ಕಳಿಸಬೇಕು.